ಆಂಗ್ಲ ಪತ್ತೇದಾರಿ ಕಾದಂಬರಿಯ ಆಕರ್ಷಣೆ

ಪತ್ತೇದಾರಿ ಕಾದಂಬರಿಯನ್ನು ಓದುವವರು ಅನೇಕರು; ಓದುತ್ತೇವೆಂದು ವಿದ್ವಾಂಸರ ಸಭೆಯಲ್ಲಿ ಸಂಕೋಚವಿಲ್ಲದೆ ಹೇಳುವವರು ಕೆಲವರು ಮಾತ್ರ. ಹೊತ್ತು ಕಳೆಯುವುದಕ್ಕೆ ಒದಗುವ ಓದು ಎಂದು ಅದನ್ನು ಬದಿಗಿರಿಸುವುದು ವಾಡಿಕೆ. ಆದರೆ ಎರಡು ಮಹಾಯುದ್ಧಗಳ ನಡುವಣ ಇಂಗ್ಲೆಂಡಿನಲ್ಲಿ ಪೂರ್ಣರೂಪವನ್ನು ಪಡೆದ ಈ ಪ್ರಕಾರವು, ಅದು ಚಿತ್ರಿಸಿದ ಹಳ್ಳಿಯ ಬಂಗಲೆಗಳೂ ಪರಿಚಾರಕವರ್ಗವೂ ಬಹುಮಟ್ಟಿಗೆ ಕಣ್ಮರೆಯಾದ ಮೇಲೆಯೂ ತನ್ನ ವಾಚಕರನ್ನು ಉಳಿಸಿಕೊಂಡಿದೆ. ಇದರ ಆಕರ್ಷಣೆ ಯಾವುದರಲ್ಲಿದೆ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನಾಲ್ಕು ಕೃತಿಗಳ ಗುಟ್ಟನ್ನು ಹೊರಗೆಡಹದೆ ವಿಧಿಯಿಲ್ಲ. ಗುಟ್ಟು ತಿಳಿದ ಮೇಲೂ ಅವು ಓದಲು ತಕ್ಕವಾಗಿ ಉಳಿಯುತ್ತವೆಯೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆಯೆಂಬುದನ್ನು ವಾಚಕರು ಗಮನಿಸಬೇಕು.

ಈ ಪ್ರಕಾರದ ಮೂಲವನ್ನು ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಎಂಬ ಕಥೆಯಲ್ಲಿ ಗುರುತಿಸುವುದು ರೂಢಿ. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ 1868ರಲ್ಲಿ ಬಂದಿತು. ಕಾನನ್ ಡಾಯಿಲನ ಷೆರ್ಲಾಕ್ ಹೋಮ್ಸ್ 1887ರಲ್ಲಿ ಕಾಣಿಸಿಕೊಂಡನು. ಆದರೆ ಹೋಮ್ಸನು ಕಂಡದ್ದು ಅನೇಕ ವೇಳೆ ನಮಗೆ ಕಾಣಿಸುವುದಿಲ್ಲ. ಆತ ಕೊನೆಯಲ್ಲಿ ವಿವರಿಸಿದಾಗ ಬೆರಗಾಗುವುದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. 1920ರ ಈಚಿನ ಲೇಖಕರು ಈ ಸಂಬಂಧವನ್ನು ಬದಲಾಯಿಸಿದರು. ಪಾದ್ರಿಯೂ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮಗಳನ್ನು ಬರೆದನು. 1930ರಲ್ಲಿ ಚೆಸ್ಟರ್‌ಟನ್ನನ ಅಧ್ಯಕ್ಷತೆಯಲ್ಲಿ ‘ಡಿಟೆಕ್ಷನ್ ಕ್ಲಬ್’ ಎಂಬ ಲೇಖಕರ ಸಂಘವು ಹುಟ್ಟಿತು. ಈ ನಿಯಮಗಳ ತಿರುಳು ಇಷ್ಟು: ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ವಾಚಕನ ಕಣ್ಣಿಗೂ ಬೀಳಬೇಕು.

ಹೀಗೆ ರೂಪುಗೊಂಡ ಕಾದಂಬರಿಯ ಆಕರ್ಷಣೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು. ಅದು ಒಗಟು, ಒಗಟನ್ನು ಬಿಡಿಸುವ ಸುಖವೇ ಅದರ ಸುಖ ಎಂಬುದು ಮೊದಲನೆಯದು. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಓದನ್ನು ಪದಬಂಧವನ್ನು ತುಂಬಿಸುವ ಚಟದ ಸಾಲಿನಲ್ಲಿಟ್ಟು ತಿರಸ್ಕರಿಸಿದನು. ಎರಡನೆಯದು, 1948ರಲ್ಲಿ ಆಡೆನ್ ಕವಿ ಮಂಡಿಸಿದ ವಾದ: ಕೊಲೆಯಿಂದ ಕಳಂಕಿತವಾದ ನಿರ್ಮಲ ಸಮಾಜವು ಅಪರಾಧಿಯೊಬ್ಬನ ನಿವಾರಣೆಯಿಂದ ಮತ್ತೆ ಶುದ್ಧವಾಗುವುದನ್ನು ಕಂಡು, ತನ್ನೊಳಗೂ ಪಾಪಪ್ರಜ್ಞೆಯನ್ನು ಹೊತ್ತಿರುವ ವಾಚಕನು ಸಮಾಧಾನ ಪಡೆಯುತ್ತಾನೆ. ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಆದರೆ ಬಿಡಿಸಿದ ಒಗಟನ್ನು ಮತ್ತೆ ಬಿಡಿಸುವವರಿಲ್ಲ. ಉತ್ತಮ ಪತ್ತೇದಾರಿ ಕಾದಂಬರಿಯನ್ನಾದರೋ ಕೊಲೆಗಾರನನ್ನು ಬಲ್ಲವರೂ ಮತ್ತೆ ಓದುತ್ತಾರೆ. ಇನ್ನು ನಿರ್ಮಲ ಸಮಾಜದ ಮಾತು: ವಿಲ್ಸನ್ನನು ತನ್ನ ಲೇಖನದ ಶೀರ್ಷಿಕೆಯಲ್ಲಿಯೇ ಹಾಸ್ಯಮಾಡಿದ ಅಗಾಥ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ (1926) ಆಡೆನ್ನನ ವಾದಕ್ಕೆ ಒಗ್ಗುವುದಿಲ್ಲ. ಅಲ್ಲಿಯ ಹಳ್ಳಿ ಕೊಲೆಗೆ ಮುಂಚೆಯೂ ನಿರ್ಮಲವಾಗಿರಲಿಲ್ಲ.

ಆ ಕಾದಂಬರಿಯ ನಿರೂಪಕ ಹಳ್ಳಿಯ ವೈದ್ಯನಾದ ಡಾಕ್ಟರ್ ಷೆಪರ್ಡ್. ಗಂಡನಿಗೆ ವಿಷವಿಕ್ಕಿದ ಶ್ರೀಮಂತ ವಿಧವೆಯೊಬ್ಬಳನ್ನು ಬೆದರಿಸಿ ಗುಟ್ಟಾಗಿ ಹಣ ಕೀಳುತ್ತಿದ್ದವನು ಈ ವೈದ್ಯ. ಆಕೆ ಸಾಯುವ ಮುನ್ನ ಬರೆದ ಕಾಗದದಿಂದ ಈ ಸಂಗತಿ ಆಕ್ರಾಯ್ಡನಿಗೆ ತಿಳಿಯುವುದರಲ್ಲಿದ್ದಾಗ ಷೆಪರ್ಡನು ಅವನನ್ನು ಇರಿದು ಕೊಲ್ಲುತ್ತಾನೆ; ಅನಂತರ ತನಿಖೆಯ ಕಥೆಯನ್ನು ನಮಗೆ ತಾನೇ ಹೇಳುತ್ತಾನೆ. ಕಾಗದ ಬಂದದ್ದು ಎಂಟು ಗಂಟೆ ನಲವತ್ತು ನಿಮಿಷಕ್ಕೆ. ತಾನು ಹೊರಟದ್ದು ಎಂಟು ಗಂಟೆ ಐವತ್ತಕ್ಕೆ. ಆಗಲೂ ಕಾಗದವನ್ನು ಓದಿ ಮುಗಿಸಿರಲಿಲ್ಲ. ಬಾಗಿಲಲ್ಲಿ ನಿಂತು, ಮಾಡಬೇಕಾದದ್ದೇನಾದರೂ ಉಳಿಯಿತೇ ಎಂದು ಒಮ್ಮೆ ಹಿಂದಿರುಗಿ ನೋಡಿದೆ ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಮೊದಲ ಓದಿನಲ್ಲಿ ನಾವು ಕಾಣುವುದು ಗೆಳೆಯನ ವಿಷಯದಲ್ಲಿ ಕಾತರನಾದ ವೈದ್ಯನನ್ನು. ಎರಡನೆಯ ಓದಿನಲ್ಲಿ, ತನ್ನ ಕೈಕೆಲಸವನ್ನು ಪರೀಕ್ಷಿಸುತ್ತಿರುವ ಕೊಲೆಗಾರನನ್ನು. ಆ ಹತ್ತು ನಿಮಿಷ ನಮ್ಮ ಕಣ್ಣೆದುರಿಗೇ ಇತ್ತು. ಅದರೊಳಗೆ ಏನು ನಡೆಯಿತೆಂದು ನಾವು ಕೇಳಲಿಲ್ಲ.

ನಮ್ಮ ಆಲಂಕಾರಿಕರು ಹೇಳುವ ಶ್ಲೇಷದಲ್ಲಿ ಒಂದೇ ಪದಕ್ಕೆ ಎರಡು ಅರ್ಥಗಳು ಕೂಡಿರುತ್ತವೆ. ಇಲ್ಲಿ ಪದಗಳೆಲ್ಲ ವಾಚ್ಯಾರ್ಥದಲ್ಲಿಯೇ ಇವೆ; ಎರಡಾದದ್ದು ಓದುವವನ ಮನಸ್ಸು. ಸ್ವತಃ ಪತ್ತೇದಾರಿ ಕಾದಂಬರಿಗಳ ಕರ್ತೃವಾಗಿದ್ದ ಡೊರತಿ ಸೇಯರ್ಸ್ 1935ರಲ್ಲಿ ಆಕ್ಸ್‌ಫರ್ಡಿನಲ್ಲಿ ಅರಿಸ್ಟಾಟಲನನ್ನು ಈ ಪ್ರಕಾರಕ್ಕೆ ಅನ್ವಯಿಸಿ ಉಪನ್ಯಾಸ ಮಾಡಿದಾಗ ಒತ್ತಿ ಹೇಳಿದ್ದು ಇದನ್ನೇ. ಸುಳ್ಳನ್ನು ಹೇಗೆ ಹೇಳಬೇಕೆಂಬುದನ್ನು ಹೋಮರನು ಇತರ ಕವಿಗಳಿಗೆ ಕಲಿಸಿದನೆಂದು ಅರಿಸ್ಟಾಟಲನ ಅಭಿಪ್ರಾಯ. ನಿಜವನ್ನೇ ನುಡಿದು ವಾಚಕನು ತಾನಾಗಿ ತಪ್ಪು ತೀರ್ಮಾನಕ್ಕೆ ಬರುವಂತೆ ಮಾಡುವುದು ಪತ್ತೇದಾರಿ ಲೇಖಕನ ಕೌಶಲವೆಂದು ಸೇಯರ್ಸಳ ವಾದ. ಮೋಸ ಮಾಡಿದವನು ಲೇಖಕನಲ್ಲ, ನಮ್ಮ ಅವಸರ ಎಂಬ ಅರಿವು ಇಲ್ಲಿ ಉಂಟಾಗುತ್ತದೆ. ಈ ಅರಿವಿನ ಸುಖ ಒಗಟಿನ ಸುಖಕ್ಕಿಂತ ಬೇರೆಯಾದದ್ದು. ಅದು ಎರಡನೆಯ ಓದಿನಲ್ಲಿ ಕುಂದುವುದಿಲ್ಲ, ಹೆಚ್ಚುತ್ತದೆ.

ಈ ಅವಸರ ಕೇವಲ ಓದಿನ ದೋಷವೆ? ಅಲ್ಲವೆಂಬುದನ್ನು ಚೆಸ್ಟರ್‌ಟನ್ನನು 1911ರ ಸಂಕಲನದಲ್ಲಿ ಸೇರಿಸಿದ ‘ದಿ ಇನ್‌ವಿಸಿಬಲ್ ಮ್ಯಾನ್’ ಎಂಬ ಸಣ್ಣಕಥೆ ತೋರಿಸುತ್ತದೆ. ಕಥೆ ಕಾದಂಬರಿಯಲ್ಲದಿದ್ದರೂ ಅದರ ತತ್ತ್ವ ಮುಂದಿನ ಕಾದಂಬರಿಗಳದೇ. ನಾಲ್ವರ ಕಣ್ಗಾವಲಿದ್ದ ಮನೆಯನ್ನು ಕೊಲೆಗಾರನು ಬಾಗಿಲ ಮೂಲಕವೇ ಹೊಕ್ಕು, ಹೆಣವನ್ನೂ ಹೊತ್ತು ಹೊರಬರುತ್ತಾನೆ. ಯಾರೂ ಬರಲಿಲ್ಲವೆಂದು ನಾಲ್ವರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬಂದವನು ಅಂಚೆಯವನು. ಅವರು ಅವನನ್ನು ನೋಡಿದ್ದರು. ಆದರೆ ಅವನನ್ನು ‘ಯಾರೋ ಒಬ್ಬ’ ಎಂದು ಎಣಿಸಿರಲಿಲ್ಲ. ನಮ್ಮ ಗಮನ ಅಂತಸ್ತನ್ನು ಹಿಂಬಾಲಿಸಿ ಹೋಗುತ್ತದೆಂಬ ಸಾಮಾಜಿಕ ಸತ್ಯವೇ ಇಲ್ಲಿ ಕಥೆಯ ಸಂವಿಧಾನವಾಗಿದೆ. ಉತ್ತಮ ಪತ್ತೇದಾರಿ ಕಾದಂಬರಿಯು ತಾನು ನಡೆಯುವಷ್ಟು ಹೊತ್ತು ಈ ಪಕ್ಷಪಾತವನ್ನು ತಡೆಹಿಡಿಯುತ್ತದೆ. ಜಮೀನುದಾರನ ಹೇಳಿಕೆಯನ್ನೂ ಅಡಿಗೆಯವಳ ಹೇಳಿಕೆಯನ್ನೂ ಅಲ್ಲಿ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತದೆ. ಅದರ ಆಕರ್ಷಣೆಯ ಬೇರು ಈ ಸಮದೃಷ್ಟಿಯ ಗಮನದಲ್ಲಿದೆಯೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಈ ಕಾದಂಬರಿಗಳೇ ಅನೇಕರನ್ನು ಕಂಡೂ ಕಾಣದಂತೆ ಬಿಟ್ಟಿಲ್ಲವೆ? ಆ ಕಾಲದ ಕೃತಿಗಳಲ್ಲಿ ಸೇವಕಿಯೆಂದರೆ ದಡ್ಡಿ, ವಿದೇಶೀಯನೆಂದರೆ ಸಂಶಯಾಸ್ಪದ. ಯೆಹೂದ್ಯರನ್ನು ಕುರಿತ ಹೀನ ಮಾತುಗಳು ಕ್ರಿಸ್ಟಿಯಲ್ಲಿಯೂ ಸೇಯರ್ಸಳಲ್ಲಿಯೂ ದೊರೆಯುತ್ತವೆ. ಇದಲ್ಲದೆ, ಅಪರಾಧಿ ಪತ್ತೆಯಾದೊಡನೆ ಪುಸ್ತಕ ಮುಗಿಯುತ್ತದೆ. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಪತ್ತೆಯಾದ ಕೊಲೆಗಾರನ ಮುಂದಿದ್ದದ್ದು ನೇಣುಗಂಬ. ಕೊಲೆಗೆ ಮರಣದಂಡನೆಯನ್ನು ಬ್ರಿಟನ್ನಿನಲ್ಲಿ ತಡೆಹಿಡಿದದ್ದು 1965ರಲ್ಲಿ, ಅದನ್ನು ಶಾಶ್ವತಗೊಳಿಸಿದ್ದು 1969ರಲ್ಲಿ. ವಾಚಕನ ವಿನೋದದ ಬೆಲೆಯನ್ನು ತೆರುವವನೊಬ್ಬನಿದ್ದಾನೆಂಬುದನ್ನು ಈ ಪ್ರಕಾರ ಬಹುತೇಕ ಮರೆಮಾಚಿತು. ಷೆಪರ್ಡನಿಗೆ ಸಹ ಪತ್ತೇದಾರನಾದ ಪೊಯಿರೊ, ಅವನ ಅಕ್ಕನಿಗಾಗಿ ಮರುಗಿ, ತಾನಾಗಿ ಸಾಯುವ ದಾರಿಯನ್ನು ಸೂಚಿಸುತ್ತಾನೆ. ನೇಣುಗಂಬ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಅದನ್ನು ಮೊದಲು ಎತ್ತಿದವರಲ್ಲಿ ಈ ಪ್ರಕಾರದ ಲೇಖಕರೂ ಇದ್ದರೆಂಬುದನ್ನು ಮರೆಯಬಾರದು. ಸೇಯರ್ಸಳ ‘ಬಸ್‌ಮನ್ಸ್ ಹನಿಮೂನ್’ (1937) ಅಪರಾಧಿ ಸಿಕ್ಕಿದ ಮೇಲೂ ಮುಂದುವರಿಯುತ್ತದೆ. ತಾನು ಹಿಡಿದುಕೊಟ್ಟವನ ಪರವಾಗಿ ವಾದಿಸಲು ಪತ್ತೇದಾರ ಲಾರ್ಡ್ ಪೀಟರ್ ವಿಮ್ಸೀ ತಾನೇ ವಕೀಲನನ್ನು ಗೊತ್ತುಮಾಡುತ್ತಾನೆ. ನೇಣಿನ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕಳೆದು, ಗಡಿಯಾರ ಎಂಟು ಹೊಡೆದಾಗ ಹೆಂಡತಿಯ ತೋಳಿನಲ್ಲಿ ಅಳುತ್ತಾನೆ. ಬುದ್ಧಿಯ ಆಟವೆಂದು ಆರಂಭಿಸಿದ ಕೆಲಸ ಒಬ್ಬನ ಸಾವಿನಲ್ಲಿ ಮುಗಿಯಿತೆಂಬುದನ್ನು ಅವನೂ ವಾಚಕನೂ ಒಟ್ಟಿಗೆ ಎದುರಿಸಬೇಕಾಗುತ್ತದೆ.

ಸೇವಕಿಯ ವಿಷಯದಲ್ಲಿ ಕ್ರಿಸ್ಟಿಯ ‘ಎ ಪಾಕೆಟ್ ಫುಲ್ ಆಫ್ ರೈ’ (1953) ಉತ್ತಮ ನಿದರ್ಶನ. ಶ್ರೀಮಂತನೊಬ್ಬನೂ ಅವನ ಹೆಂಡತಿಯೂ ವಿಷದಿಂದ ಸತ್ತ ಮನೆಯಲ್ಲಿ ಗ್ಲಾಡಿಸ್ ಎಂಬ ಕೆಲಸದ ಹುಡುಗಿಯನ್ನೂ ಕತ್ತು ಹಿಸುಕಿ ಕೊಂದು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನು ಅವಳ ಮೂಗಿಗೆ ಸಿಕ್ಕಿಸಿರುತ್ತಾರೆ. ವೃದ್ಧೆಯಾದ ಮಿಸ್ ಮಾರ್ಪಲ್ ಆ ಮನೆಗೆ ಬರುವುದು ಶ್ರೀಮಂತನಿಗಾಗಿ ಅಲ್ಲ. ತಾನು ಕೆಲಸ ಕಲಿಸಿದ ಆ ಹುಡುಗಿಗಾಗಿ, ಅವಳಿಗಾದ ಅವಮಾನಕ್ಕಾಗಿ. ಪ್ರೀತಿಸುವವನಂತೆ ನಟಿಸಿದ ಶ್ರೀಮಂತನ ಮಗನು ಆಕೆಯಿಂದಲೇ ವಿಷ ಬೆರೆಸಿಸಿ, ಬಳಿಕ ಅವಳನ್ನು ಮುಗಿಸಿದ್ದನು. ಮಿಸ್ ಮಾರ್ಪಲ್ ತನ್ನ ಮನೆಗೆ ಹಿಂದಿರುಗಿದಾಗ, ಅವಳಿಲ್ಲದಾಗ ಬಂದು ಬಿದ್ದಿದ್ದ ಗ್ಲಾಡಿಸಳ ಕಾಗದ ಅಲ್ಲಿರುತ್ತದೆ; ಜೊತೆಯಲ್ಲಿ ಆ ಯುವಕನೊಡನೆ ತೆಗೆಸಿಕೊಂಡ ಭಾವಚಿತ್ರ. ಊಹೆಗೆ ಬೇಕಾಗಿದ್ದ ಸಾಕ್ಷ್ಯ ಅದೇ. ಆಗ ಮಿಸ್ ಮಾರ್ಪಲಳಲ್ಲಿ ಮೊದಲು ಕನಿಕರ, ಅನಂತರ ಕೋಪ, ಕೊನೆಗೆ ಅವೆರಡನ್ನೂ ಮೀರಿ ತನ್ನ ತರ್ಕ ಗೆದ್ದಿತೆಂಬ ಹಿಗ್ಗು ಏಳುತ್ತದೆಂದು ಕ್ರಿಸ್ಟಿ ಮರೆಮಾಚದೆ ಬರೆಯುತ್ತಾಳೆ.

ಈ ಮೂರು ಭಾವಗಳ ಕ್ರಮದಲ್ಲಿ ಈ ಪ್ರಕಾರದ ಶಕ್ತಿಯೂ ಮಿತಿಯೂ ಅಡಗಿವೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹುಡುಗಿಯ ಕಾಗದವನ್ನು ಅದು ಓದಿಸುತ್ತದೆ; ಓದಿಸಿದ ಮೇಲೆ ಹಿಗ್ಗಿನಲ್ಲಿ ಕನಿಕರವನ್ನು ಮುಚ್ಚಿಬಿಡುತ್ತದೆ. ವಿಲ್ಸನ್ನನ ತಿರಸ್ಕಾರ ಮೊದಲ ಓದಿಗೆ ಸಲ್ಲಬಹುದು. ಎರಡನೆಯ ಓದಿನಲ್ಲಿ ಯಾರು ಕೊಂದರೆಂಬ ಪ್ರಶ್ನೆ ಹಿಂದೆ ಸರಿದು, ಇವರನ್ನು ನಾನು ಏಕೆ ಗಮನಿಸಲಿಲ್ಲವೆಂಬ ಪ್ರಶ್ನೆ ಮುಂದೆ ಬರುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಈ ಪ್ರಶ್ನೆಯ ಪರಿಚಯ ಆಗುವುದಾದರೆ, ಅದು ಪತ್ತೇದಾರಿ ಕಾದಂಬರಿಯಿಂದಲೇ ಆದರೂ ಅಧ್ಯಾಪಕರು ಸಂತೋಷಪಡಬೇಕಲ್ಲದೆ ಸಂಕೋಚಪಡಬೇಕಾದ ಕಾರಣವಿಲ್ಲ.