ತೆರಿಗೆಯ ಗೆರೆಯಾಚೆ ಸತ್ತವರು

1965ರ ಏಪ್ರಿಲ್ 24ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 11216ನೇ ಆದೇಶಕ್ಕೆ ಸಹಿ ಹಾಕಿದರು. ವಿಯೆಟ್ನಾಂ ದೇಶವನ್ನೂ ಅದರ ಸುತ್ತಲಿನ ಕಡಲಿನ ಒಂದಷ್ಟು ಭಾಗವನ್ನೂ ಯುದ್ಧವಲಯವೆಂದು ಗುರುತಿಸಿದ ಆದೇಶ ಅದು. ಹೊರಟದ್ದು ಆದಾಯ ತೆರಿಗೆಯ ಸಲುವಾಗಿ. ಯುದ್ಧಭೂಮಿಯಲ್ಲಿರುವ ಸೈನಿಕನ ಸಂಬಳಕ್ಕೆ ವಿನಾಯಿತಿ ಕೊಡಬೇಕೆಂದರೆ ಯುದ್ಧಭೂಮಿ ಎಲ್ಲಿಂದ ಎಲ್ಲಿಯವರೆಗೆ ಎಂದು ಮೊದಲು ಗೊತ್ತಾಗಬೇಕಲ್ಲ, ಅದಕ್ಕಾಗಿ ನಕಾಶೆಯ ಮೇಲೆ ಗೆರೆ ಎಳೆದರು. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕದ ಕರಿಗೋಡೆಯಲ್ಲಿ ಯಾರ ಹೆಸರಿರಬೇಕು ಎಂದು ತೀರ್ಮಾನಿಸುವಾಗಲೂ ರಕ್ಷಣಾ ಇಲಾಖೆ ಇದೇ ಗೆರೆಯನ್ನು ಅಳತೆಗೋಲಾಗಿ ಹಿಡಿಯಿತು. ‘ಫ್ರಾಂಕ್ ಇ. ಇವಾನ್ಸ್ ಕಾಯಿದೆ’ ಎಂಬ ಮಸೂದೆ ತಿದ್ದಲು ಹೊರಟಿರುವುದು ಈ ಅಳತೆಯ ಒಂದು ಫಲವನ್ನು.

ಇವಾನ್ಸ್ ಅಮೆರಿಕದ ನೌಕಾಪಡೆಯ ಡೆಸ್ಟ್ರಾಯರ್. 1969ರ ಮೇ ತಿಂಗಳಲ್ಲಿ ವಿಯೆಟ್ನಾಂ ಕರಾವಳಿಯಲ್ಲಿ ನಿಂತು, ದಡದ ಮೇಲೆ ಹೋರಾಡುತ್ತಿದ್ದ ತನ್ನವರಿಗೆ ಬೆಂಬಲವಾಗಿ ಫಿರಂಗಿ ಹಾರಿಸಿತ್ತು. ಅಲ್ಲಿಂದ ಅದನ್ನು ದಕ್ಷಿಣ ಚೀನಾ ಸಮುದ್ರದಲ್ಲಿ ನಡೆಯುತ್ತಿದ್ದ ‘ಸೀ ಸ್ಪಿರಿಟ್’ ಎಂಬ ಜಂಟಿ ಸಮರಾಭ್ಯಾಸಕ್ಕೆ ಕಳಿಸಿದರು. ಅದು ಮುಗಿದ ಮೇಲೆ ಮರಳಿ ವಿಯೆಟ್ನಾಂಗೇ ಹೋಗುವುದಿತ್ತು. ಜೂನ್ 3ರ ನಸುಕಿನಲ್ಲಿ, ಗಂಟೆ ಮೂರು ದಾಟಿದ ಹೊತ್ತಿಗೆ, ಆಸ್ಟ್ರೇಲಿಯಾದ ವಿಮಾನವಾಹಕ ನೌಕೆ ‘ಮೆಲ್ಬರ್ನ್’ನ ಹಿಂಬದಿಗೆ ಬಂದು ಕಾವಲು ನಿಲ್ಲುವಂತೆ ಇವಾನ್ಸ್‌ಗೆ ಸೂಚನೆ ಬಂತು. ತಿರುಗುವ ಲೆಕ್ಕ ತಪ್ಪಿತು. ಹಡಗು ಮೆಲ್ಬರ್ನ್‌ಗೆ ಅಡ್ಡ ಬಂದು, ಅದರ ಮೂತಿಯ ಹೊಡೆತಕ್ಕೆ ಎರಡು ತುಂಡಾಯಿತು. ಮುಂದಿನ ತುಂಡು ಕೆಲವೇ ನಿಮಿಷಗಳಲ್ಲಿ, ಒಳಗೆ ಮಲಗಿದ್ದವರ ಸಮೇತ, ತಳ ಸೇರಿತು. ಸತ್ತವರು 74 ಮಂದಿ. ಅವರಲ್ಲಿ ನೆಬ್ರಾಸ್ಕ ರಾಜ್ಯದ ನಯೋಬ್ರಾರಾ ಎಂಬ ಪುಟ್ಟ ಊರಿನ ಗ್ಯಾರಿ, ಗ್ರೆಗರಿ, ಕೆಲ್ಲಿ ಜೋ ಸೇಜ್ ಎಂಬ ಮೂವರು ಅಣ್ಣತಮ್ಮಂದಿರಿದ್ದರು. ಅದೇ ಹಡಗಿನಲ್ಲಿ ಕೆಲಸಕ್ಕಿದ್ದ ಒಬ್ಬ ತಂದೆ ಬದುಕಿ ಉಳಿದ, ಮಗ ಉಳಿಯಲಿಲ್ಲ.

ಡಿಕ್ಕಿಯಾದ ಜಾಗ ಯುದ್ಧವಲಯದ ಗೆರೆಯಿಂದ ನೂರು ಮೈಲಿಯ ಆಸುಪಾಸು ಹೊರಗಿತ್ತು. ಆದ್ದರಿಂದ 1982ರಲ್ಲಿ ಗೋಡೆ ಎದ್ದಾಗ ಈ 74 ಹೆಸರುಗಳು ಅದರಲ್ಲಿ ಸೇರಲಿಲ್ಲ.

ಮಸೂದೆ ಹೇಳುವುದು ಇಷ್ಟೇ: ರಕ್ಷಣಾ ಕಾರ್ಯದರ್ಶಿ ಈ 74 ಹೆಸರುಗಳನ್ನು ಗೋಡೆಗೆ ಸೇರಿಸಲು ಒಪ್ಪಿಗೆ ಕೊಡಬೇಕು. ಪ್ರತಿನಿಧಿ ಸಭೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಆಡಮ್ ಶಿಫ್, ಸೆನೆಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ಕೆವಿನ್ ಕ್ರೇಮರ್ ಇದರ ಬೆನ್ನಿಗೆ ನಿಂತರು. ಬೇರೆ ಯಾವುದಕ್ಕೂ ಕೈಜೋಡಿಸದ ಎರಡು ಪಕ್ಷಗಳು ಇಲ್ಲಿ ಒಟ್ಟಾದವು. ಆದರೂ ಒಂದು ಅವಧಿಯ ಕಾಂಗ್ರೆಸ್ ಮುಗಿದಾಗ ಮಸೂದೆ ಬಿದ್ದುಹೋಗುವುದು, ಮುಂದಿನ ಅವಧಿಯಲ್ಲಿ ಮತ್ತೆ ಮಂಡನೆಯಾಗುವುದು ವರ್ಷಗಟ್ಟಲೆ ನಡೆಯಿತು. ರಕ್ಷಣಾ ಇಲಾಖೆ ಒಪ್ಪಲಿಲ್ಲ.

ಸಾವು ಗೆರೆಯ ಹೊರಗಾಯಿತು ಎಂಬ ಇಲಾಖೆಯ ನಿಲುವನ್ನು ಗೋಡೆಯ ಮುಂದೆಯೇ ನಿಲ್ಲಿಸಿ ನೋಡಬೇಕು. 1967ರ ಜುಲೈ 29ರಂದು ‘ಫಾರೆಸ್ಟಾಲ್’ ವಿಮಾನವಾಹಕ ನೌಕೆಯಲ್ಲಿ ಬೆಂಕಿ ಬಿದ್ದು 134 ಮಂದಿ ಸತ್ತರು. ಶತ್ರು ಗುಂಡು ಹಾರಿಸಿರಲಿಲ್ಲ, ತಮ್ಮದೇ ವಿಮಾನದ ರಾಕೆಟ್ಟು ಆಕಸ್ಮಿಕವಾಗಿ ಸಿಡಿದಿತ್ತು. ನೌಕೆ ಟಾಂಕಿನ್ ಕೊಲ್ಲಿಯಲ್ಲಿದ್ದುದರಿಂದ ಆ ಹೆಸರುಗಳು ಗೋಡೆಯಲ್ಲಿವೆ, ಇರಬೇಕಾದವೇ. ಹಾಗಾದರೆ ಅಪಘಾತದ ಸಾವು ಎಂಬುದು ತಡೆಯಲ್ಲ. ಇನ್ನು ಜಾಗದ ಮಾತು. 1965ರಲ್ಲಿ ಹಾಂಗ್‌ಕಾಂಗ್‌ನಲ್ಲಿ ರಜೆ ಕಳೆದು ವಿಯೆಟ್ನಾಂಗೆ ಮರಳುತ್ತಿದ್ದ ಮರೀನ್ ಸೈನಿಕರ ವಿಮಾನ ಹಾಂಗ್‌ಕಾಂಗ್‌ನಲ್ಲೇ ಕಡಲಿಗೆ ಬಿತ್ತು. ಅದು ವಲಯದ ಹೊರಗೆ ನಡೆದ ಸಾವು. 1983ರಲ್ಲಿ ಅಧ್ಯಕ್ಷ ರೇಗನ್ ಸೂಚನೆಯಂತೆ ಅವರ ಹೆಸರುಗಳನ್ನು ಸೇರಿಸಿದರು. ಗೋಡೆಯ ಕಡೆಯ ಹೆಸರುಗಳು 1975ರ ಮೇ ತಿಂಗಳವು. ಸೈಗಾನ್ ಬಿದ್ದು ಎರಡು ವಾರವಾದ ಮೇಲೆ, ವಶಕ್ಕೆ ಹೋಗಿದ್ದ ‘ಮಾಯಾಗ್ವೆಜ್’ ಹಡಗಿನ ಸಲುವಾಗಿ ಕಾಂಬೋಡಿಯದ ದ್ವೀಪವೊಂದರಲ್ಲಿ ಹೋರಾಡಿ ಸತ್ತವರವು. ಅಂದರೆ ಗೆರೆ ಎಂದೂ ಕಲ್ಲಿನ ಗೆರೆಯಾಗಿರಲಿಲ್ಲ. ಮನಸ್ಸು ಮಾಡಿದಾಗಲೆಲ್ಲ ಅದನ್ನು ದಾಟಿದ್ದಾರೆ. ಕೆಲವೇ ವಾರಗಳ ಹಿಂದೆ ಯುದ್ಧದಲ್ಲಿದ್ದು, ಮತ್ತೆ ಯುದ್ಧಕ್ಕೇ ಹೋಗಲಿದ್ದ ಹಡಗಿನ ವಿಚಾರದಲ್ಲಿ ಮಾತ್ರ ಅದು ದಾಟಬಾರದ ಗೆರೆಯಾದದ್ದನ್ನು ನಾನು ಒಪ್ಪಲಾರೆ.

ಇನ್ನೊಂದು ಆಕ್ಷೇಪ ಸ್ಥಳಾಭಾವದ್ದು. ಇದನ್ನು ನೆಪವೆಂದು ತಳ್ಳಿಹಾಕಲು ಬರುವುದಿಲ್ಲ, ಏಕೆಂದರೆ ಇದು ಗೋಡೆಯ ಕಲೆಯನ್ನೇ ಮುಟ್ಟುವ ಮಾತು. ಮಾಯಾ ಲಿನ್ ಇದರ ವಿನ್ಯಾಸ ಮಾಡಿದಾಗ ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಹುಡುಕಲು ಸುಲಭವಾಗುತ್ತದೆ ಎಂದು ಹಲವರು ಒತ್ತಾಯಿಸಿದರು. ಆಕೆ ಬಗ್ಗಲಿಲ್ಲ. ಸತ್ತ ದಿನದ ಕ್ರಮವೇ ಬೇಕು ಎಂದಳು. ಎರಡು ಗೋಡೆಗಳು ಸೇರುವ ಮೂಲೆಯಲ್ಲಿ ಮೊದಲ ಸಾವು ಶುರುವಾಗಿ ಪೂರ್ವದ ತುದಿಗೆ ಹೋಗುತ್ತದೆ, ಪಶ್ಚಿಮದ ತುದಿಯಿಂದ ಮತ್ತೆ ಮೊದಲಾಗಿ ಅದೇ ಮೂಲೆಗೆ ಬಂದು ಕಡೆಯ ಸಾವು ಮೊದಲ ಸಾವಿನ ಪಕ್ಕ ನಿಲ್ಲುತ್ತದೆ. ದರ್ಜೆ ಇಲ್ಲ, ಪದವಿ ಇಲ್ಲ. ಒಂದೇ ಕಾಳಗದಲ್ಲಿ ಬಿದ್ದವರು ಒಂದೇ ಕಡೆ ಸಿಗುತ್ತಾರೆ. ಬದುಕಿ ಉಳಿದವನು ಅಲ್ಲಿ ನಿಂತರೆ ತನ್ನ ಇಡೀ ತುಕಡಿಯ ಮುಂದೆ ನಿಂತಂತೆ. ನಾನು ತಿಳಿದ ಯುದ್ಧ ಸ್ಮಾರಕಗಳಲ್ಲಿ ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಯೋಚನೆ ಇನ್ನೊಂದಿಲ್ಲ.

ಆದರೆ ಈ ಕ್ರಮದಲ್ಲಿ ಸಾಲುಗಳು ಒತ್ತೊತ್ತಾಗಿ ತುಂಬಿವೆ. 1982ರಲ್ಲಿ 57,939 ಹೆಸರುಗಳಿದ್ದವು, ಆಮೇಲೆ ಮುನ್ನೂರಕ್ಕೂ ಹೆಚ್ಚು ಸೇರಿವೆ. ಹೀಗೆ ಸೇರಿಸುವಾಗ ಸತ್ತ ದಿನಕ್ಕೆ ಹತ್ತಿರದಲ್ಲಿ ಎಲ್ಲಿ ಸಾಲಿನ ಕೊನೆಗೆ ಖಾಲಿ ಉಳಿದಿದೆಯೋ ಅಲ್ಲಿ ಕೆತ್ತುತ್ತಾರೆ. ಒಂದೆರಡು ಹೆಸರಿಗೆ ಅದು ಸಾಕು. 74 ಹೆಸರುಗಳು ಒಟ್ಟಿಗೆ ಬಂದರೆ ಚದುರಿಹೋಗುತ್ತವೆ. ಸೇಜ್ ಸಹೋದರರು ಮೂರು ಫಲಕಗಳ ಪಾಲಾಗಬಹುದು. ಒಟ್ಟಿಗೆ ಸತ್ತವರು ಒಟ್ಟಿಗಿರಬೇಕು ಎಂಬ ಗೋಡೆಯ ತತ್ವಕ್ಕೆ ಇದರಿಂದ ಪೆಟ್ಟು ಬೀಳುವುದು ನಿಜ. ಮಸೂದೆ ಇದಕ್ಕೆ ಉತ್ತರ ಕೊಡುವುದಿಲ್ಲ, ಇದು ಅದರ ಮೊದಲ ಕೊರತೆ. ಚದುರಿಸಿಯಾದರೂ ಕೆತ್ತಬೇಕೋ, ಒಂದೆಡೆ ಹೊಸ ಕಲ್ಲು ಕೂರಿಸಬೇಕೋ ಎಂಬುದನ್ನು ಶಾಸನವೇ ಹೇಳಬೇಕಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಚದುರಿದರೂ ಸರಿ, ಇರಲಿ. ದಾಖಲೆಯ ತಪ್ಪಿನಿಂದ ಬದುಕಿದ್ದ ಕೆಲವರ ಹೆಸರುಗಳೂ ಗೋಡೆಗೆ ಸೇರಿಹೋಗಿವೆ. ಅಷ್ಟನ್ನು ತಾಳಿಕೊಂಡಿರುವ ಕಲ್ಲು ಇದನ್ನೂ ತಾಳುತ್ತದೆ.

ಕಲ್ಲಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. ಆ ಕರಿ ಗ್ರಾನೈಟು ನಮ್ಮ ಬೆಂಗಳೂರಿನ ಕಡೆಯದು. ಇಲ್ಲಿಂದ ಹೋದ ಬಂಡೆಗಳನ್ನು ವರ್ಮಾಂಟ್ ರಾಜ್ಯದಲ್ಲಿ ಕೊಯ್ದು, ಟೆನೆಸಿಯ ಮೆಂಫಿಸ್‌ನಲ್ಲಿ ಅಕ್ಷರ ಕೊರೆದರು. ಕರಿಕಲ್ಲು ಸ್ವೀಡನ್, ಕೆನಡಾಗಳಲ್ಲೂ ಸಿಗುತ್ತಿತ್ತು. ಕಡ್ಡಾಯ ಸೇನಾ ಭರ್ತಿ ತಪ್ಪಿಸಿಕೊಂಡ ಯುವಕರಿಗೆ ಆಸರೆ ಕೊಟ್ಟ ದೇಶಗಳೆಂದು ಅವನ್ನು ಕೈಬಿಟ್ಟರು. ಕಲ್ಲು ಯಾವ ನೆಲದ್ದು ಎಂದು ಅಷ್ಟು ಎಚ್ಚರದಿಂದ ನೋಡಿದ ದೇಶ, ಸತ್ತವನು ಯಾವ ಕೆಲಸದ ಮೇಲಿದ್ದ ಎಂದು ಕೇಳುವ ಬದಲು ಯಾವ ಅಕ್ಷಾಂಶದಲ್ಲಿದ್ದ ಎಂದು ಕೇಳಿ ಸುಮ್ಮನಾದದ್ದು ನನಗೆ ನೋವಿನ ವಿಷಯ.

ಮಸೂದೆಯ ಎರಡನೆಯ ಕೊರತೆ ಮೊದಲಿನದಕ್ಕಿಂತ ದೊಡ್ಡದು. ಅದು ಒಂದು ಹಡಗಿಗೆ ಮಾತ್ರ ವಿನಾಯಿತಿ ಕೇಳುತ್ತದೆ, ನಿಯಮವನ್ನು ಮುಟ್ಟುವುದಿಲ್ಲ. ಇವಾನ್ಸ್‌ಗೆ ಬದುಕುಳಿದವರ ಸಂಘವಿದೆ, ಮಾತಾಡುವ ಸೆನೆಟರಿದ್ದಾರೆ, ಮೂವರು ಸೋದರರ ಕಥೆಯಿದೆ. ಗೆರೆಯಾಚೆ ಒಬ್ಬೊಬ್ಬರಾಗಿ ಸತ್ತವರ ಮನೆಯವರಿಗೆ ಇದಾವುದೂ ಇಲ್ಲ. ಒಂದು ಹಡಗಿಗೆ ಒಪ್ಪಿದರೆ ಇನ್ನೆಷ್ಟೋ ಮನವಿಗಳು ಬರುತ್ತವೆ ಎಂದು ವಿರೋಧಿಸುವವರು ಹೇಳುತ್ತಾರೆ. ಬರಲಿ. ಯುದ್ಧಕ್ಕೆಂದು ನಿಯೋಜನೆಗೊಂಡ ಪಡೆಯ ಸೈನಿಕ, ಆ ನಿಯೋಜನೆ ಮುಗಿಯುವ ಮೊದಲು ಆಜ್ಞೆಯ ಮೇರೆಗೆ ಹೋದಲ್ಲಿ ಸತ್ತರೆ ಅವನ ಹೆಸರು ಗೋಡೆಗೆ ಅರ್ಹ ಎಂದು ಒಂದೇ ವಾಕ್ಯದಲ್ಲಿ ಬರೆಯಬಹುದು. ಈ ವಾಕ್ಯದ ಒಳಗೆ ಫಾರೆಸ್ಟಾಲ್ ಬರುತ್ತದೆ, ಹಾಂಗ್‌ಕಾಂಗ್ ವಿಮಾನ ಬರುತ್ತದೆ, ಇವಾನ್ಸ್ ಬರುತ್ತದೆ. ಅಧ್ಯಕ್ಷರ ಕೃಪೆಗೋ ಸೆನೆಟರರ ಛಲಕ್ಕೋ ಯಾರೂ ಕಾಯಬೇಕಾಗುವುದಿಲ್ಲ.

ಅಂಥ ನಿಯಮ ಬರೆದು, ಚರ್ಚಿಸಿ, ಒಪ್ಪಿಸಲು ಇನ್ನೊಂದು ದಶಕ ಹಿಡಿದೀತು. ಆ ರಾತ್ರಿ ಇಪ್ಪತ್ತರ ಹರೆಯದಲ್ಲಿದ್ದು ಹಿಂದಿನ ತುಂಡಿನಿಂದ ಮೆಲ್ಬರ್ನ್‌ಗೆ ಹತ್ತಿ ಬದುಕಿದವರಿಗೆ ಈಗ ಎಪ್ಪತ್ತೈದು ದಾಟಿದೆ. ಆದ್ದರಿಂದ ಕೊರತೆಗಳಿದ್ದರೂ ಈ ಮಸೂದೆ ಈಗಿರುವ ಹಾಗೆಯೇ ಪಾಸಾಗಬೇಕು ಎನ್ನುತ್ತೇನೆ. 74 ಹೆಸರುಗಳನ್ನು ಮೊದಲು ಕೆತ್ತಲಿ, ನಿಯಮದ ತಿದ್ದುಪಡಿ ಅದರ ಹಿಂದೆ ಬರಲಿ.