ಸ್ಪೀಕರಿನ ಡೆಸಿಬೆಲ್: ನಂಬುವ ಮುನ್ನ ಲೆಕ್ಕ ಹಾಕಿ

ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಪುಟ್ಟ ಸ್ಪೀಕರುಗಳನ್ನು ಮನೆಗೆ ಕೊಳ್ಳಲು ಹೊರಟಿದ್ದೀರಿ ಎನ್ನಿ. ಒಂದು ಜೋಡಿಯ ವಿವರಪಟ್ಟಿಯಲ್ಲಿ ‘ಸಂವೇದನಶೀಲತೆ 96 ಡೆಸಿಬೆಲ್’ ಎಂದಿದೆ, ಇನ್ನೊಂದರದು 86. ಅಂತರ 10 ಡೆಸಿಬೆಲ್. ಅಂದರೆ ಅಷ್ಟೇ ಗಟ್ಟಿಯಾಗಿ ಕೇಳಿಸಲು ಎರಡನೆಯದಕ್ಕೆ ಹತ್ತು ಪಟ್ಟು ವಿದ್ಯುತ್ ಸಾಮರ್ಥ್ಯ ಬೇಕು. ಮೊದಲನೆಯದಕ್ಕೆ 5 ವ್ಯಾಟಿನ ಆಂಪ್ಲಿಫೈಯರ್ ಸಾಕಾದರೆ ಎರಡನೆಯದಕ್ಕೆ 50 ವ್ಯಾಟಿನದು. ಈ ಒಂದು ಸಂಖ್ಯೆಯನ್ನು ನಂಬಿ ಹಣ ತೆರುವುದರಿಂದ ಅದನ್ನು ಒರೆಗೆ ಹಚ್ಚಿ ನೋಡುವುದು ಲೇಸು.

ಸ್ಪೀಕರಿಗೆ 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ದೊರೆಯುವ ಶಬ್ದಮಟ್ಟವೇ ಸಂವೇದನಶೀಲತೆ. ದಕ್ಷತೆ ಇದಕ್ಕಿಂತ ಬೇರೆ. ಅದು ವಿದ್ಯುತ್ತಿನ ಎಷ್ಟು ಭಾಗ ಶಬ್ದವಾಯಿತು ಎಂಬುದರ ಅಳತೆ. 1 ವ್ಯಾಟ್ ಪೂರ್ತಿಯಾಗಿ ಶಬ್ದವಾಗಿ ಅರ್ಧಗೋಳದಲ್ಲಿ ಹರಡಿದರೆ 1 ಮೀಟರಿನಲ್ಲಿ 112 ಡೆಸಿಬೆಲ್ ಬರುತ್ತದೆ. 1 ವ್ಯಾಟಿಗೆ 88 ಡೆಸಿಬೆಲ್ ಕೊಡುವ ಸ್ಪೀಕರಿನ ದಕ್ಷತೆ ಕೇವಲ ಶೇ. 0.4. ಉಳಿದುದೆಲ್ಲ ಶಾಖ!

ಹಾಗಾದರೆ ದಕ್ಷತೆಯನ್ನು ಬೇಕಾದಷ್ಟು ಏರಿಸಬಾರದೇಕೆ? ಅಮೆರಿಕದ ಕೆ.ಎಲ್.ಎಚ್. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಅವರ ಹೆಸರಿನ ನಿಯಮವೊಂದಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರಸ್ವರ, ಹೆಚ್ಚಿನ ದಕ್ಷತೆ, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ಸಾಧ್ಯ. ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಗಾಳಿಕಂಡಿಯಿರುವ ಪೆಟ್ಟಿಗೆಯಾದರೆ, ಅದು ನುಡಿಸಬಲ್ಲ ಕನಿಷ್ಠ ಆವೃತ್ತಿಯ ಘನವನ್ನು ಪೆಟ್ಟಿಗೆಯ ಗಾತ್ರದಿಂದ (ಘನ ಮೀಟರಿನಲ್ಲಿ) ಗುಣಿಸಿ, ಬಂದುದನ್ನು 0.0000039ರಿಂದ ಗುಣಿಸಿರಿ. ಅದೇ ದಕ್ಷತೆಯ ಗರಿಷ್ಠ ಮಿತಿ.

2018ರಲ್ಲಿ ಬಂದ ಕ್ಲಿಪ್ಷ್ ಆರ್‌ಪಿ-600ಎಂ ಸ್ಪೀಕರಿಗೆ ಈ ಸೂತ್ರವನ್ನು ಅನ್ವಯಿಸೋಣ. ತಯಾರಕರು ಕೊಟ್ಟ ಸಂಖ್ಯೆಗಳು: 96 ಡೆಸಿಬೆಲ್, 45 ಹರ್ಟ್ಜ್. ಹೊರ ಅಳತೆ ಸುಮಾರು 40 × 20 × 30 ಸೆಂ.ಮೀ., ಅಂದರೆ 24 ಲೀಟರ್, ಅಥವಾ 0.024 ಘನ ಮೀಟರ್. ಮರದ ದಪ್ಪವನ್ನು ಕಳೆಯದೆ ಉದಾರವಾಗಿ ಲೆಕ್ಕ ಹಾಕಿದರೂ ದಕ್ಷತೆಯ ಮಿತಿ ಶೇ. 0.85 ಬರುತ್ತದೆ. ಅದಕ್ಕೆ ಸಮನಾದ ಮಟ್ಟ ಸುಮಾರು 91 ಡೆಸಿಬೆಲ್. 96 ಬೇಕಾದರೆ ದಕ್ಷತೆ ಶೇ. 2.5 ಇರಬೇಕು. ಆಗ ಪೆಟ್ಟಿಗೆ 70 ಲೀಟರಿನದಾಗಬೇಕು, ಇಲ್ಲವೇ ಮಂದ್ರಸ್ವರ 64 ಹರ್ಟ್ಜ್‌ನಲ್ಲೇ ನಿಲ್ಲಬೇಕು.

ಈ 5 ಡೆಸಿಬೆಲ್ ಎಲ್ಲಿಂದ ಬಂದೀತು? ಸಾಮಾನ್ಯವಾಗಿ ಇಂಥ ಅಂತರಕ್ಕೆ ಎರಡು ದಾರಿಗಳಿವೆ. ಒಂದು, ವೋಲ್ಟೇಜಿನದು. 2.83 ವೋಲ್ಟ್ ಎಂದರೆ 8 ಓಮ್‌ನಲ್ಲಿ 1 ವ್ಯಾಟ್. 4 ಓಮ್‌ನಲ್ಲಿ 2 ವ್ಯಾಟ್. ಇಲ್ಲಿಯೇ 3 ಡೆಸಿಬೆಲ್ ಪುಕ್ಕಟೆ. ‘8 ಓಮ್‌ಗೆ ಹೊಂದುತ್ತದೆ’ ಎಂದ ಮಾತ್ರಕ್ಕೆ ಎಲ್ಲ ಆವೃತ್ತಿಗಳಲ್ಲೂ 8 ಓಮ್ ಇದೆ ಎಂದರ್ಥವಲ್ಲ. ಎರಡು, ಪ್ರತಿಧ್ವನಿಯಿಲ್ಲದ ಕೊಠಡಿಯ ಬದಲು ಸಾಮಾನ್ಯ ಕೋಣೆಯಲ್ಲಿ ಅಳೆದರೆ ಗೋಡೆಗಳಿಂದ ಮರಳಿದ ಶಬ್ದವೂ ಲೆಕ್ಕಕ್ಕೆ ಸೇರುತ್ತದೆ. ಕಹಳೆಯ ಸಹಾಯವಿಲ್ಲವೆ ಎನ್ನುವಿರಾ? ಅದು ತಾರಸ್ವರಕ್ಕೆ ಮಾತ್ರ; ಅದನ್ನೂ ಕೊನೆಗೆ ಮಂದ್ರದ ಕೋನಿನ ಮಟ್ಟಕ್ಕೆ ಇಳಿಸಿ ಹೊಂದಿಸಬೇಕು.

ಹಾಗೆಂದು ಈ ಸ್ಪೀಕರ್ ಕಳಪೆಯೆಂದು ತಿಳಿಯಬೇಡಿ. 24 ಲೀಟರಿನಲ್ಲಿ 91 ಡೆಸಿಬೆಲ್ ಬಂದರೂ ಅದು ಒಳ್ಳೆಯ ಸಾಧನೆಯೇ. 86ರ ಸ್ಪೀಕರಿಗೆ ಬೇಕಾದ ಸಾಮರ್ಥ್ಯದ ಮೂರನೆಯ ಒಂದು ಭಾಗ ಇದಕ್ಕೆ ಸಾಕು. ನನ್ನ ಆಕ್ಷೇಪ ಷರತ್ತುಗಳನ್ನು ಹೇಳದ ಸಂಖ್ಯೆಯ ಬಗ್ಗೆ. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಕೊಟ್ಟದ್ದು ವೋಲ್ಟೋ ವ್ಯಾಟೋ? ಓಮ್ ಎಷ್ಟಕ್ಕೆ ಇಳಿಯುತ್ತದೆ? ಅಳೆದದ್ದು ಎಲ್ಲಿ?

ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಒಂದೇ ಆಂಪ್ಲಿಫೈಯರಿಗೆ ಎರಡು ಸ್ಪೀಕರುಗಳನ್ನು ಒಂದಾದ ಮೇಲೊಂದು ಜೋಡಿಸಿ. ವಾಲ್ಯೂಮ್ ಗುಂಡಿ ಅಲುಗಬಾರದು. ಸ್ಪೀಕರಿನ ಜಾಗವೂ ಬದಲಾಗಬಾರದು. 1 ಮೀಟರ್ ದೂರದಲ್ಲಿ ಮೊಬೈಲಿನ ಡೆಸಿಬೆಲ್ ಮಾಪಕವನ್ನಿಟ್ಟು ಒಂದೇ ಧ್ವನಿಮುದ್ರಿಕೆಯ ಒಂದೇ ಭಾಗವನ್ನು ನುಡಿಸಿ. ಮೊಬೈಲಿನ ಅಂಕಿ ತಪ್ಪಿರಬಹುದು, ಆದರೆ ಎರಡರ ನಡುವಿನ ಅಂತರ ಬಹುಮಟ್ಟಿಗೆ ನಿಜ. ವಿವರಪಟ್ಟಿಯ ಅಂಕಿ 2.83 ವೋಲ್ಟಿಗಲ್ಲದೆ 1 ವ್ಯಾಟಿಗೆ ಕೊಟ್ಟದ್ದಾಗಿದ್ದರೆ, 4 ಓಮ್‌ನ ಸ್ಪೀಕರಿಗೆ 3 ಡೆಸಿಬೆಲ್ ಕಳೆಯಲು ಮರೆಯದಿರಿ. ಆಮೇಲೆ ನಿಮ್ಮ ಅಂತರವನ್ನೂ ವಿವರಪಟ್ಟಿಯ ಅಂತರವನ್ನೂ ಹೋಲಿಸಿ ನೋಡಿ. ಏಕಮಾನ ಬರೆಯದ ಉತ್ತರಕ್ಕೆ ನಾವು ತರಗತಿಯಲ್ಲಿ ಅಂಕ ಕಳೆಯುತ್ತೇವೆ. ಷರತ್ತು ಬರೆಯದ ಮಾಪನಕ್ಕೂ ಅದೇ ನ್ಯಾಯ ಸಲ್ಲಬೇಕಲ್ಲವೆ?