ಕಾರ್ಡಿಗಿಂತ ಮೊದಲು ಕರೆಂಟು

ಮಕ್ಕಳ ಗೇಮಿಂಗ್ ಕಂಪ್ಯೂಟರಿಗೆ ದುಡ್ಡು ಹಾಕುವಾಗ ನಮ್ಮ ಕಡೆ ರೂಢಿಯಲ್ಲಿರುವ ಕ್ರಮ ಒಂದೇ: ಮೊದಲು ಗ್ರಾಫಿಕ್ಸ್ ಕಾರ್ಡು, ದುಡ್ಡು ಉಳಿದರೆ ಮಿಕ್ಕಿದ್ದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಕ್ರಮ ಅಷ್ಟಿಷ್ಟು ನಡೆದೀತು. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಹೋಬಳಿ ಊರಿನಲ್ಲಿ ಮಾತ್ರ ಇದು ತಲೆಕೆಳಗಾದ ಲೆಕ್ಕ. ಇಲ್ಲಿ ಮೊದಲ ರೂಪಾಯಿ ಹೋಗಬೇಕಾದದ್ದು ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನ ಒಳಭಾಗಗಳಿಗೆ ಕರೆಂಟು ಕೊಡುವ ಡಬ್ಬಿಗೆ) ಮತ್ತು ಗೋಡೆಯ ಪ್ಲಗ್ಗಿಗೆ. ಕಾರ್ಡಿನ ಸರದಿ ಕೊನೆಯದು.

ರೂಢಿ ಹೀಗೇಕೆ ಬೆಳೆಯಿತು ಅನ್ನುವುದು ದಾವಣಗೆರೆಯ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಹದಿನೈದು ಸಾವಿರ ಎತ್ತಿಟ್ಟುಕೊಂಡು ಅಪ್ಪ ಬಂದಿರುತ್ತಾನೆ, ಜೊತೆಗೆ ಎಂಟನೇ ಕ್ಲಾಸಿನ ಮಗ. "ಹುಡುಗ ಗೇಮ್ ಆಡಂಗೆ ಮಾಡ್ಕೊಡ್ರಿ" ಅನ್ನುವುದಷ್ಟೇ ಅಪ್ಪನ ಬೇಡಿಕೆ. ಹುಡುಗನಿಗೆ ಗೇಮಿನ ಹೆಸರು ಗೊತ್ತು, ಯೂಟ್ಯೂಬಿನಲ್ಲಿ ಕೇಳಿದ ಕಾರ್ಡಿನ ಹೆಸರೂ ಗೊತ್ತು. ಅಂಗಡಿಯವರಿಗೆ ತಮ್ಮಲ್ಲಿ ಯಾವ ಮಾಲು ಕೂತಿದೆ ಅನ್ನುವುದು ಗೊತ್ತು. ಈಗಿರುವ ಡಬ್ಬಿಯೊಳಗೆ ಏನಿದೆ ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ, ಏಕೆಂದರೆ ಅದು ಊರಲ್ಲೇ ಇದೆ. ಅಷ್ಟು ದೂರ ಬಸ್ಸಿನಲ್ಲಿ ಅದನ್ನು ಹೊತ್ತು ತರುವವರು ಯಾರು?

ಹೀಗೆ ಬಂದವರಿಗೆ ಮಾರಾಟವಾಗುವ ಅಗ್ಗದ ‘ಐ7 ಗೇಮಿಂಗ್ ಸಿಸ್ಟಂ’ ಬಗ್ಗೆ ಕಠಿಣವಾಗಿಯೇ ಹೇಳಬೇಕು. ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಮೂರು ಫ್ಯಾನು, ಒಳಗೆ ಎಚ್61 ಬೋರ್ಡು, 2011ರ ಐ7-2600 ಪ್ರೊಸೆಸರ್, ಡಿಡಿಆರ್3 ರ‍್ಯಾಮ್, ಜಿಟಿ 730 ಕಾರ್ಡು. 2022ರ ಐ3-12100ಕ್ಕೂ ಆ ಐ7ಕ್ಕೂ ಇರುವುದು ನಾಲ್ಕೇ ಕೋರ್. ಆದರೂ ‘ಐ3’ ಎಂದು ಜನ ಮೂಗು ಮುರಿಯುವ ಆ ಚಿಪ್ಪು ‘ಐ7’ ಅನ್ನು ಬಹುದೂರ ಹಿಂದೆ ಹಾಕುತ್ತದೆ. ಜಿಟಿ 730 ಮಾರುಕಟ್ಟೆಗೆ ಬಂದದ್ದು 2014ರಲ್ಲಿ, ಅದೂ ದೊಡ್ಡ ಗೇಮುಗಳಿಗೆ ಮಾಡಿದ ಕಾರ್ಡಲ್ಲ. ರೈಜನ್ 5 5600ಜಿ ಥರದ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಅದನ್ನು ಸುಲಭವಾಗಿ ಮೀರಿಸುತ್ತದೆ. ಸಾಲದ್ದಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರುಗಳನ್ನು. ಹೇಗೋ ಮಾಡಿ 11 ಹಾಕಿಕೊಂಡರೂ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳಿಲ್ಲದೆ ವ್ಯಾಲೊರಂಟ್ ಗೇಮ್ ತೆರೆಯುವುದಿಲ್ಲ. ಆ ಫ್ಯಾನುಗಳ ಬಣ್ಣದಿಂದ ಒಂದು ಫ್ರೇಮೂ ಹೆಚ್ಚುವುದಿಲ್ಲ ಅನ್ನುವುದನ್ನು ಬೇರೆ ಹೇಳಬೇಕೆ!

ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್‌ನಂಥ ಹಳೆಯ ಆಫೀಸ್ ಮೆಷಿನ್ನುಗಳು ಇದಕ್ಕಿಂತ ಎಷ್ಟೋ ಮೇಲು. ಒಳಗಿನ ಬಿಡಿಭಾಗಗಳು ಗಟ್ಟಿ, ಬೆಲೆಯೂ ಕಡಿಮೆ. ಒಂದು ತೊಡಕಿದೆ. 7020, 9020 ಮಾದರಿಗಳಲ್ಲಿ ಬೋರ್ಡಿಗೆ ಹೋಗುವ ಕರೆಂಟಿನ ಕನೆಕ್ಟರ್ ಎಂಟು ಪಿನ್ನಿನದು, ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ನೇರವಾಗಿ ಕೂರದು. ಸಣ್ಣ ಡಬ್ಬಿಯ ಮಾದರಿಯಾದರೆ ಅರ್ಧ ಎತ್ತರದ ಕಾರ್ಡೇ ಬೇಕು. ಇದನ್ನು ತಿಳಿಯದೆ ಕಾರ್ಡು ಕೊಂಡರೆ ವಾಪಸ್ ಬಸ್ ಹತ್ತುವುದೊಂದೇ ದಾರಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಬೋರಿನಲ್ಲಿ ಎಷ್ಟು ಇಂಚು ನೀರಿದೆ ಎಂದು ನೋಡದೆ ಮೋಟಾರ್ ಇಳಿಸುವ ರೈತ ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಅದೇ ರೈತ ಪ್ರೊಸೆಸರ್ ಎಷ್ಟು ಕೊಡಬಲ್ಲದು ಎಂದು ನೋಡದೆ ಕಾರ್ಡು ಕೊಳ್ಳುತ್ತಾನೆ. ನೋಡುವುದೇನೂ ಕಷ್ಟವಲ್ಲ. ಗೇಮ್ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಾರ್ಡು ನೂರರ ಹತ್ತಿರ ಓಡುತ್ತಿದ್ದರೆ ಕಾರ್ಡೇ ಸಾಲುತ್ತಿಲ್ಲ ಎಂದು ಅರ್ಥ. ಕಾರ್ಡು ಅರ್ಧಕ್ಕೇ ನಿಂತು ಪ್ರೊಸೆಸರ್ ಏದುಸಿರು ಬಿಡುತ್ತಿದ್ದರೆ ಹೊಸ ಕಾರ್ಡಿನಿಂದ ಏನೂ ಆಗದು. ಡಿಸ್ಕ್ ನೂರು ತೋರಿಸಿ ಗೇಮ್ ಗಕ್ಕನೆ ನಿಲ್ಲುತ್ತಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ಇನ್ನೊಂದು ಪರೀಕ್ಷೆಯೂ ಇದೆ. ಗೇಮಿನ ರೆಸಲ್ಯೂಶನ್ ಇಳಿಸಿ ನೋಡಿ. ವೇಗ ಹೆಚ್ಚಿದರೆ ಕೊರತೆ ಕಾರ್ಡಿನದು, ಇದ್ದಷ್ಟೇ ಇದ್ದರೆ ಪ್ರೊಸೆಸರಿನದು.

ಹುಡುಗ ಆಡುವುದು ಏನು ಎಂಬುದನ್ನೂ ಕೇಳಬೇಕು. ಹಳ್ಳಿಯ ಎಷ್ಟೋ ಮಕ್ಕಳು ಕಂಪ್ಯೂಟರಿನಲ್ಲಿ ಆಡುವುದು ಫೋನಿನ ಗೇಮನ್ನೇ. ಫ್ರೀ ಫೈರ್ ಮ್ಯಾಕ್ಸನ್ನು ಎಮ್ಯುಲೇಟರ್ ಹಾಕಿಕೊಂಡು ಆಡುತ್ತಾರೆ. ಎಮ್ಯುಲೇಟರಿಗೆ ಬೇಕಾದದ್ದು ಪ್ರೊಸೆಸರ್ ಮತ್ತು ರ‍್ಯಾಮ್. ಅದಕ್ಕಿಂತ ಮುಂಚೆ ಬಯಾಸಿನಲ್ಲಿ ವರ್ಚುವಲೈಸೇಶನ್ ಆನ್ ಆಗಿರಬೇಕು. ಎಷ್ಟೋ ಮೆಷಿನ್ನುಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ, ಆನ್ ಮಾಡಲು ಒಂದು ಪೈಸೆಯೂ ಬೇಡ. ಧೂಳು ಹೊಡೆಸಿ ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಬದಲಿಸುವುದೂ ಇದೇ ಸಾಲಿನದು. ಜಗಳೂರು ಸೀಮೆಯ ಬೇಸಿಗೆಯ ಗಾಳಿಯಲ್ಲಿ ಆರು ತಿಂಗಳಿದ್ದ ಕ್ಯಾಬಿನೆಟ್ ತೆರೆದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿ ಏರಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ.

ಈಗ ಕರೆಂಟಿನ ವಿಷಯ. ಇದು ಬೋರನ್ನೇ ನಂಬಿದ ತಾಲ್ಲೂಕು. ತ್ರೀಫೇಸ್ ಬಂದ ಗಳಿಗೆಗೆ ಒಂದು ಟ್ರಾನ್ಸ್‌ಫಾರ್ಮರಿನ ಮೇಲಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಅವು ನಿಂತಾಗ ಜಿಗಿಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳಿಗೆ ಬೇರೆ ಫೀಡರ್ ಬಂದ ಮೇಲೆ ಊರೊಳಗಿನವರಿಗೆ ಎಷ್ಟೋ ವಾಸಿ. ಹೊಲದಲ್ಲೇ ಮನೆ ಕಟ್ಟಿಕೊಂಡವರ ಪಾಡು ಹಾಗಿಲ್ಲ. ಇಂಥ ಲೈನಿಗೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಕೊಟ್ಟು ಹೊಸ ಕಾರ್ಡು ಕೂರಿಸುವುದು ದುಡುಕು. ಆ ಡಬ್ಬಿಯ ಮೇಲೆ ‘450 ವ್ಯಾಟ್’ ಎಂದಿರುತ್ತದೆ. ಅದನ್ನು ಬಿಟ್ಟು ಚೀಟಿಯಲ್ಲಿ 12 ವೋಲ್ಟಿನ ಸಾಲು ಓದಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ ಹನ್ನೆರಡು ಹದಿನಾರಲೆ 192 ವ್ಯಾಟ್. ಪ್ರೊಸೆಸರಿಗೂ ಕಾರ್ಡಿಗೂ ಸಿಗುವುದು ಅಷ್ಟೇ. 185 ವ್ಯಾಟ್ ಎಳೆಯುವ ಆರ್‌ಎಕ್ಸ್ 580 ಕಾರ್ಡನ್ನು ಅದಕ್ಕೆ ಸಿಕ್ಕಿಸಿದರೆ ಗೇಮಿನ ನಡುವೆ ಮೆಷಿನ್ ಪಟ್ಟನೆ ಆರುತ್ತದೆ; ಕೆಟ್ಟ ಗಳಿಗೆಯಾದರೆ ಎಸ್‌ಎಂಪಿಎಸ್ ತಾನು ಸುಡುವಾಗ ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ. 80 ಪ್ಲಸ್ ಗುರುತು ಹೇಳುವುದು ಕರೆಂಟು ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ, ಅದನ್ನೇ ಸುರಕ್ಷತೆಯ ಸರ್ಟಿಫಿಕೇಟ್ ಅಂದುಕೊಳ್ಳಬಾರದು. ಆದರೂ ಆ ಗುರುತಿರುವ, ಮೂರರಿಂದ ಐದು ವರ್ಷ ವಾರಂಟಿ ಕೊಡುವ, 100ರಿಂದ 240 ವೋಲ್ಟ್‌ವರೆಗೆ ತಡೆಯುವ ಎಸ್‌ಎಂಪಿಎಸ್ ಸಿಕ್ಕರೆ ಸೊಕ್ಕೆಗೆ ಅದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ಇಲ್ಲ.

ಅರ್ಥಿಂಗ್ ಬಗ್ಗೆ ಯಾವ ಅಂಗಡಿಯಲ್ಲೂ ಕೇಳುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಪ್ಲಗ್ಗಿನ ಮೂರನೇ ಪಿನ್ನಿಗೆ ನೆಲದ ಸಂಪರ್ಕವಿಲ್ಲ ಎಂದು ಮೊದಲು ಅನುಮಾನಿಸಬೇಕು. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಮಳೆಯಿಲ್ಲದ ಸೀಮೆಯಲ್ಲಿ ಒಣಗುತ್ತದೆ. ಒಣಗಿದ ಗುಂಡಿ ಇದ್ದೂ ಇಲ್ಲದಂತೆ. ಬೇಸಿಗೆಯಲ್ಲಿ ಅದಕ್ಕೆ ಎರಡು ಬಿಂದಿಗೆ ನೀರು ಸುರಿಯುವುದು ಗೇಮಿಂಗ್ ಕಂಪ್ಯೂಟರಿನ ನಿರ್ವಹಣೆಯಲ್ಲೇ ಸೇರಿದ ಕೆಲಸ. ಇನ್ನು ಯುಪಿಎಸ್. 600 ವಿಎ ಮಾದರಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಅದರ ಕೆಲಸ ಶಟ್‌ಡೌನ್ ಮಾಡುವಷ್ಟು ಹೊತ್ತು ಹಿಡಿದಿಡುವುದು, ಆಟ ಮುಂದುವರಿಸುವುದಲ್ಲ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇದನ್ನೆಲ್ಲ ಸಿಕ್ಕಿಸುವ ಯೋಚನೆಯಿದ್ದರೆ ಬಿಡುವುದು ಕ್ಷೇಮ.

ಎಸ್‌ಎಸ್‌ಡಿ ವಿಷಯದಲ್ಲಿ ಚರ್ಚೆಯೇ ಬೇಡ, ಹಾಕಿಸಿ. ರ‍್ಯಾಮ್ ವಿಷಯದಲ್ಲಿ ಕಾಲ ಕೆಟ್ಟಿದೆ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ಬೆಲೆ ಎರ‍್ರಾಬಿರ‍್ರಿ ಏರಿತು. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ಕೈಬಿಡುವುದಾಗಿ ಆ ಡಿಸೆಂಬರಿನಲ್ಲಿ ಘೋಷಿಸಿತು. ಎಂಟು ಜಿಬಿಯ ಒಂದೇ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವುದು ಈಗ ಜಾಣತನ. ಜೋಡಿಯಾಗಿ ಓಡಿದಾಗ, ಅದರಲ್ಲೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದ ಮೆಷಿನ್ನಿನಲ್ಲಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಕಾರ್ಡು. ಹಳೆಯ ಎಸ್‌ಎಂಪಿಎಸ್ ಬದಲಿಸಲಾಗದ ಆಫೀಸ್ ಮೆಷಿನ್ನಿಗೆ ಜಿಟಿಎಕ್ಸ್ 1650 ಒಳ್ಳೆಯ ಆಯ್ಕೆ. 75 ವ್ಯಾಟ್ ಸಾಕು, ಬಹಳಷ್ಟು ಮಾದರಿಗಳು ಸ್ಲಾಟಿನಿಂದಲೇ ಕರೆಂಟು ತೆಗೆದುಕೊಳ್ಳುತ್ತವೆ. ಜಿಟಿ 1030 ಕೊಳ್ಳುವವರು ಡಬ್ಬಿಯನ್ನು ಎರಡು ಸಲ ಓದಬೇಕು. ಜಿಡಿಡಿಆರ್5 ಮಾದರಿಯ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಅದೇ ಹೆಸರಿನ ಡಿಡಿಆರ್4 ಮಾದರಿ ಸಾಗಿಸುವುದು 17ರ ಒಳಗೆ. ಒಂದೇ ಹೆಸರಿನಲ್ಲಿ ಎರಡು ಸರಕು ಮಾರುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ, ಇರಲಿ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಬಜಾರಿಗೆ ಬಂದು ಬಿದ್ದವು. ಅವುಗಳನ್ನು ಅಂಗಡಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ನೋಡದೆ ಮುಟ್ಟಬಾರದು. ಮನೆಯಲ್ಲಿರುವುದು ವಿಜಿಎ ವೈರಿನ ಹಳೆಯ ಮಾನಿಟರ್ ಆದರೆ ಹೊಸ ಕಾರ್ಡಿಗೆ ಅದು ನೇರ ಕೂರುವುದೇ ಇಲ್ಲ, ಕನ್ವರ್ಟರ್ ಬೇಕು. 60 ಹರ್ಟ್ಸ್‌ನ ಪರದೆ ಸೆಕೆಂಡಿಗೆ ಅರವತ್ತು ಸಲವೇ ಚಿತ್ರ ಬದಲಿಸುವುದು. ಅದಕ್ಕೆ 150 ಫ್ರೇಮಿನ ಕಾರ್ಡು ಯಾಕೆ?

ಹದಿನೈದು ಸಾವಿರದ ಲೆಕ್ಕಕ್ಕೆ ನಾನು ಇಟ್ಟುಕೊಂಡ ಒರೆಗಲ್ಲು ಇಷ್ಟೆ: ಇವತ್ತು ಕೊಂಡದ್ದು ನಾಳೆಯ ಬೇರೆ ಡಬ್ಬಿಗೂ ಹೋಗಬಲ್ಲದೆ? ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಯುಪಿಎಸ್, ಮಾನಿಟರ್ ಹೋಗುತ್ತವೆ, ಕಾರ್ಡೂ ಹೋಗುತ್ತದೆ. ಡಿಡಿಆರ್3 ರ‍್ಯಾಮ್, ಎಚ್61 ಬೋರ್ಡಿಗೆ ಕೂರುವ ಪ್ರೊಸೆಸರ್ ಅಲ್ಲೇ ಸಾಯುತ್ತವೆ, ಅವಕ್ಕೆ ದುಡ್ಡು ಸುರಿಯಬಾರದು. ರೈಜನ್ 3 3200ಜಿ ಇರುವ ಮನೆಯವರು ಅದೃಷ್ಟವಂತರು. ಬೋರ್ಡು ಬಿ450ಯಂಥದ್ದಾದರೆ ಬಯಾಸ್ ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಬಹುದು, ಬೋರ್ಡೂ ರ‍್ಯಾಮೂ ಹಾಗೇ ಉಳಿಯುತ್ತವೆ. ಎಚ್61 ಇರುವವರು ಅಪ್‌ಗ್ರೇಡ್ ಮಾತು ಬಿಟ್ಟು ಇನ್ನೊಂದು ಫಸಲು ಕಾಯುವುದೇ ಮೇಲು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಲೆ ಕಡಿಮೆ, ನಿಜ. ಕೆಟ್ಟಾಗ ಅಲ್ಲಿಗೆ ಹೋಗಿಬರುವ ಬಸ್ ಚಾರ್ಜು, ಹಾಳಾಗುವ ದಿನದ ಕೂಲಿ ಸೇರಿಸಿದರೆ ದಾವಣಗೆರೆಯ ಅಂಗಡಿಯೇ ಅಗ್ಗ. ಹೋಗುವ ಮುಂಚೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಬೋರ್ಡು ಮತ್ತು ಎಸ್‌ಎಂಪಿಎಸ್ ಚೀಟಿಯ ಫೋಟೋ ಹಿಡಿದುಕೊಳ್ಳಿ, ಟಾಸ್ಕ್ ಮ್ಯಾನೇಜರಿನದ್ದೂ ಇರಲಿ. ಬರುವಾಗ ಜಿಎಸ್‌ಟಿ ಬಿಲ್ಲಿನ ಮೇಲೆ ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ.